ಹುಳಿ, ಪುಳಿ, ಪುಳಿಯೋಗರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಲುಕೋಟೆಯ ಪುಳಿಯೋಗರೆಯ ಹೆಸರಿನಲ್ಲಿರುವ ‘ಪುಳಿ’ ಕನ್ನಡವೋ ತಮಿಳೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಡೆಯಿತು. ತಮಿಳಿನ ‘ಪುಳಿ’ಯನ್ನೇ ನಾವು ‘ಹುಳಿ’ ಮಾಡಿಕೊಂಡೆವೆಂದು ನನ್ನ ಭಾವನವರು ಹೇಳುತ್ತಾರೆ. ‘ಹುಳಿ’ ಎಂಬುದು ‘ಹುಳು’ವಿನಿಂದ ಹುಟ್ಟಿತು, ಕಣ್ಣಿಗೆ ಕಾಣದ ಹುಳುಗಳಿಂದ ಹಾಲು ಹುಳಿಯಾಗುತ್ತದೆಂಬುದು ಹಿಂದಿನವರಿಗೆ ಗೊತ್ತಿತ್ತು ಎಂದು ನಮ್ಮ ದೊಡ್ಡಪ್ಪನವರು ಹೇಳುತ್ತಾರೆ. ಇವುಗಳಲ್ಲಿ ಯಾವುದು ಸರಿ? ಸಂಸ್ಕೃತದ ‘ಆಮ್ಲ’ಕ್ಕೂ ನಮ್ಮ ‘ಅಂಬಲಿ’ಗೂ ನಂಟಿದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಪಾಂಡವಪುರ

ಉತ್ತರ: ‘ಪುಳಿ’ ಕನ್ನಡದ್ದೂ ಹೌದು, ತಮಿಳಿನದ್ದೂ ಹೌದು, ಒಂದು ಭಾಷೆ ಇನ್ನೊಂದರಿಂದ ಅದನ್ನು ಎರವಲು ಪಡೆಯಲಿಲ್ಲ. ಕನ್ನಡ, ತಮಿಳು, ತೆಲುಗು, ತುಳು ಎಂದು ನಾವು ಇಂದು ಬೇರೆ ಬೇರೆಯಾಗಿ ಕರೆಯುವ ನುಡಿಗಳು ಒಂದೇ ಮೂಲ ದ್ರಾವಿಡ ನುಡಿಯಾಗಿದ್ದ ಕಾಲದಿಂದಲೇ ಈ ಪದವಿದೆ. ತಮಿಳು, ಮಲೆಯಾಳಂ, ಕೊಡವ ಮತ್ತು ತುಳುವಿನಲ್ಲಿ ಅದು ‘ಪುಳಿ’ಯಾಗಿಯೇ ಇದೆ, ತೆಲುಗಿನಲ್ಲಿ ‘ಪುಲಿ’, ‘ಪುಲುಪು’, ‘ಪುಲುಸು’ ಎಂಬ ರೂಪಗಳಿವೆ, ನೀಲಗಿರಿಯ ಕೋತ ಮತ್ತು ತೊದವ ನುಡಿಗಳಲ್ಲಿಯೂ ಅದರ ಸಂಬಂಧಿಗಳು ಸಿಗುತ್ತವೆ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿ, 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶವು ಇವನ್ನೆಲ್ಲ ಒಂದೇ ಬೇರಿನ ಅಡಿಯಲ್ಲಿ ಇರಿಸಿದೆ. ಹಾಗಾಗಿ ನಿಮ್ಮ ಭಾವನವರು ಕೇಳಬೇಕಾದದ್ದು ‘ಯಾರು ಯಾರಿಂದ ತೆಗೆದುಕೊಂಡರು’ ಎಂದಲ್ಲ, ‘ಎಲ್ಲರಿಗೂ ಪಿತ್ರಾರ್ಜಿತವಾಗಿ ಬಂದ ಪದದಲ್ಲಿ ನಮ್ಮ ಪಾಲಿನದು ಮಾತ್ರ ಹೇಗೆ ಬದಲಾಯಿತು’ ಎಂದು.

ಬದಲಾದದ್ದು ಮೊದಲಿನ ಅಕ್ಷರ. ಹಳಗನ್ನಡದಲ್ಲಿ ಪದದ ಮೊದಲಿಗೆ ಇದ್ದ ಪಕಾರವು ಹಕಾರವಾಗುವುದು ಹತ್ತನೆಯ ಶತಮಾನದ ಆಸುಪಾಸಿನಿಂದ ಶಾಸನಗಳಲ್ಲಿ ಕಾಣತೊಡಗಿ, ಮುಂದಿನ ಕೆಲವು ಶತಮಾನಗಳಲ್ಲಿ ನಾಡಿನ ಮಾತಿನಲ್ಲಿ ಬಹುತೇಕ ಪೂರ್ಣಗೊಂಡಿತು. ‘ಪಾಲ್’ ಹಾಲಾಯಿತು, ‘ಪಣ್’ ಹಣ್ಣಾಯಿತು, ‘ಪೂ’ ಹೂವಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಹೆಸರಿಸಿದ ‘ಪುಲಿಗೆರೆ’ಯು ಮುಂದೆ ಹುಲಿಗೆರೆಯಾಯಿತು. ‘ಪುಳಿ’ಯು ‘ಹುಳಿ’ಯಾದದ್ದೂ ಇದೇ ದಾರಿಯಲ್ಲಿ. ಈ ಮಾರ್ಪಾಟಿಗೆ ಒಳಗಾಗದೆ ಉಳಿದ ಹಳೆಯ ಪಕಾರವನ್ನು ನೋಡಲು ಹಳೆಯ ಗ್ರಂಥಗಳನ್ನೇ ತೆರೆಯಬೇಕೆಂದಿಲ್ಲ. ನಾವು ‘ಹತ್ತು’ ಎನ್ನುತ್ತೇವೆ, ಆದರೆ ‘ಇಪ್ಪತ್ತು’, ‘ಎಪ್ಪತ್ತು’ ಎನ್ನುವಾಗ ಒಳಗಿನ ‘ಪತ್ತು’ ಹಾಗೆಯೇ ಕೇಳಿಸುತ್ತದೆ. ಏಕೆಂದರೆ ಅಲ್ಲಿ ಪಕಾರವು ಪದದ ಮೊದಲಿಗಿಲ್ಲ, ಒತ್ತಕ್ಷರದಲ್ಲಿ ಸಿಕ್ಕಿ ಉಳಿದುಕೊಂಡಿದೆ.

ಇನ್ನು ಹುಳುವಿನ ವಿಷಯ. ಈ ವಿವರಣೆ ಮಂಡ್ಯದ ಕಡೆ ಮಾತ್ರವಲ್ಲ, ಮೈಸೂರಿನಲ್ಲಿ ಓದಿದವರ ಬಾಯಲ್ಲೂ ಕೇಳಿಬರುವುದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕೆನಿಸುತ್ತದೆ. ಇಂದಿನ ಬರಹದಲ್ಲಿ ‘ಹುಳು’, ‘ಹುಳಿ’ ಎರಡರಲ್ಲೂ ಇರುವುದು ಒಂದೇ ಳಕಾರ, ಹಳಗನ್ನಡದಲ್ಲಿ ಹಾಗಿರಲಿಲ್ಲ. ಹುಳುವಿನ ಹಳೆಯ ರೂಪ ‘ಪುೞು’. ಅದರಲ್ಲಿದ್ದದ್ದು ಇಂದು ನಮ್ಮ ವರ್ಣಮಾಲೆಯಿಂದ ಬಿಟ್ಟುಹೋಗಿರುವ ೞಕಾರ. ಹುಳಿಯ ಹಳೆಯ ರೂಪ ‘ಪುಳಿ’. ಅದರಲ್ಲಿದ್ದದ್ದು ಈಗಲೂ ಬಳಕೆಯಲ್ಲಿರುವ ಳಕಾರ. ಇವೆರಡೂ ಬೇರೆ ಬೇರೆ ಉಚ್ಚಾರಣೆಯ, ಪದದ ಅರ್ಥವನ್ನೇ ಬದಲಿಸಬಲ್ಲ ಧ್ವನಿಗಳಾಗಿದ್ದವು. ಕಾಲಕ್ರಮದಲ್ಲಿ ಜನರ ಮಾತಿನಲ್ಲಿ ೞಕಾರವು ಕೆಲವೆಡೆ ಳಕಾರದೊಂದಿಗೆ ಬೆರೆಯಿತು, ವ್ಯಂಜನದ ಹಿಂದೆ ಬಂದಾಗ ರೇಫವಾಯಿತು: ‘ಬಾೞ್’ ಬಾಳಾದದ್ದು ಮೊದಲ ಬಗೆಗೂ, ‘ಪೊೞ್ತು’ ಎಂಬುದು ‘ಪೊರ್ತು’ ಆಗಿ ಕೊನೆಗೆ ‘ಹೊತ್ತು’ ಆದದ್ದು ಎರಡನೆಯ ಬಗೆಗೂ ಉದಾಹರಣೆ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಎಂದು ಮೂರು ಬಗೆಯ ಳಕಾರಗಳನ್ನು ಬೇರ್ಪಡಿಸಿ, ೞಕಾರವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಮಾತಿನಲ್ಲಿ ಕಲಸಿಹೋಗುತ್ತಿದ್ದ ಧ್ವನಿಗಳನ್ನು ಬರಹದಲ್ಲಾದರೂ ಕಾಪಾಡಬೇಕೆಂಬ ಅವನ ಆ ಶ್ರದ್ಧೆ ಇಲ್ಲದಿದ್ದರೆ, ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ನಮಗೆ ಬಹಳ ಕಷ್ಟವಾಗುತ್ತಿತ್ತು.

ಸೋದರ ಭಾಷೆಗಳನ್ನು ಕೇಳಿದರೆ ಈ ಭೇದ ಇನ್ನಷ್ಟು ನಿಚ್ಚಳವಾಗುತ್ತದೆ. ತಮಿಳರು ಇಂದಿಗೂ ಹುಳುವಿಗೆ ‘ಪುೞು’ ಎಂದೂ ಹುಳಿಗೆ ‘ಪುಳಿ’ ಎಂದೂ ಬೇರೆ ಬೇರೆ ಅಕ್ಷರದಲ್ಲಿ ಬರೆಯುತ್ತಾರೆ. ತೆಲುಗಿನಲ್ಲಿ ಹಳೆಯ ೞಕಾರವು ಡಕಾರ ಅಥವಾ ರಕಾರವಾಗಿದೆ: ನಮ್ಮ ‘ಕೋೞಿ’ ಅಲ್ಲಿ ‘ಕೋಡಿ’, ನಮ್ಮ ‘ಏೞು’ ಅಲ್ಲಿ ‘ಏಡು’. ಅದೇ ನಿಯಮದಂತೆ ‘ಪುೞು’ ಅಲ್ಲಿ ‘ಪುರುವು’, ‘ಪುರುಗು’ ಆಗಿದೆ. ಆದರೆ ಹಳೆಯ ಳಕಾರವು ತೆಲುಗಿನಲ್ಲಿ ಲಕಾರವಾಗುತ್ತದೆ: ನಮ್ಮ ‘ಮುಳ್ಳು’ ಅವರ ‘ಮುಲ್ಲು’, ನಮ್ಮ ‘ಕಳ್ಳು’ ಅವರ ‘ಕಲ್ಲು’. ಹುಳಿ ಅವರಲ್ಲಿ ‘ಪುಲುಪು’, ‘ಪುಲುಸು’ ಆದದ್ದು ಈ ಎರಡನೆಯ ನಿಯಮದಂತೆ. ತುಳುವಿನಲ್ಲಿಯೂ ಹುಳು ‘ಪುರಿ’, ಹುಳಿ ‘ಪುಳಿ’. ಒಂದೇ ಪದದಿಂದ ಇನ್ನೊಂದು ಹುಟ್ಟಿದ್ದರೆ ಇಷ್ಟು ಭಾಷೆಗಳಲ್ಲಿ ಅವೆರಡೂ ಇಷ್ಟು ಕ್ರಮಬದ್ಧವಾಗಿ ಬೇರೆ ಬೇರೆ ದಾರಿ ಹಿಡಿಯಲು ಸಾಧ್ಯವೇ ಇರಲಿಲ್ಲ. ಕನ್ನಡದಲ್ಲಿ ಎರಡು ಧ್ವನಿಗಳು ಬೆರೆತುಹೋದುದರಿಂದ ಮಾತ್ರ ‘ಹುಳು’ ಮತ್ತು ‘ಹುಳಿ’ ಅಕ್ಕಪಕ್ಕದ ಪದಗಳಂತೆ ಕಾಣುತ್ತವೆ.

ಹಾಲು ಹುಳಿಯಾಗುವುದು ಸೂಕ್ಷ್ಮಜೀವಿಗಳಿಂದ ಎಂಬುದೇನೋ ನಿಜವೇ. ಆದರೆ ಅದನ್ನು ಲೂಯಿ ಪಾಶ್ಚರ್ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದು 1857ರಲ್ಲಿ. ‘ಪುಳಿ’ ಎಂಬ ಪದ ಅದಕ್ಕಿಂತ ಸಾವಿರಾರು ವರ್ಷ ಹಳೆಯದು. ಅಲ್ಲದೆ ಆ ಪದವು ಕೆಟ್ಟ ಹಾಲನ್ನು ಮಾತ್ರ ಹೇಳುವುದಿಲ್ಲ. ಮಾವಿನ ಮಿಡಿ, ನೆಲ್ಲಿ, ನಿಂಬೆ, ಹೇರಳೆಗಳ ಸಹಜವಾದ ರುಚಿಗೂ ಅದೇ ಹೆಸರು. ಹಿಂದಿನವರ ತಿಳಿವಳಿಕೆಯ ಬಗ್ಗೆ ನಿಮ್ಮ ದೊಡ್ಡಪ್ಪನವರಿಗಿರುವ ಗೌರವವನ್ನು ನಾನೂ ಹಂಚಿಕೊಳ್ಳುತ್ತೇನೆ. ಆದರೆ ಹಾಲಿಗೆ ಹೆಪ್ಪು ಹಾಕುವುದು, ಹಿಟ್ಟನ್ನು ಹದವಾಗಿ ಹುದುಗಿಸುವುದು ಮುಂತಾದ ಅವರ ಅಡುಗೆಮನೆಯ ಕೆಲಸಗಳಲ್ಲೇ ಆ ತಿಳಿವಳಿಕೆ ಸಾಕಷ್ಟು ಕಾಣುತ್ತದೆ. ಅದಕ್ಕಾಗಿ ಪದದ ಮೂಲವನ್ನು ತಿರುಚಬೇಕಾಗಿಲ್ಲ.

ಲ, ಳ ಎಂಬ ಅಕ್ಷರಗಳ ವಿಷಯದಲ್ಲೂ ಒಂದು ಎಚ್ಚರ ಬೇಕು. ಕಾಡಿನ ‘ಹುಲಿ’ಯ ಹಳೆಯ ರೂಪ ‘ಪುಲಿ’. ರುಚಿಯ ಪುಳಿಗೂ ಅದಕ್ಕೂ ಸಂಬಂಧವಿಲ್ಲ. ತೆಲುಗಿನಲ್ಲಿ ಳಕಾರವು ಲಕಾರವಾದುದರಿಂದ ಅವರಿಗೆ ಹುಲಿಯೂ ‘ಪುಲಿ’, ಹುಳಿಯೂ ‘ಪುಲಿ’ ಎಂದಾಯಿತು. ಆಂಧ್ರದ ‘ಪುಲಿಹೋರ’ದಲ್ಲಿರುವುದು ಹುಳಿಯೇ ಹೊರತು ಹುಲಿಯಲ್ಲ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಯ ಸುರಂಗದಿಂದ ಹೆಸರಾದ ಹುಲಿಕೆರೆಯನ್ನು ಕೆಲವರು ‘ಹುಳಿಕೆರೆ’ ಎಂದು ಉಚ್ಚರಿಸಿ ಹುಣಸೆಯ ತೋಪಿನೊಂದಿಗೆ ಜೋಡಿಸುವುದುಂಟು. ಊರಿನ ಹೆಸರಿನಲ್ಲಿ ಲಕಾರವೇ ಇರುವುದರಿಂದ ಆ ಜೋಡಣೆ ನಿಲ್ಲುವುದಿಲ್ಲ.

ಈಗ ಪುಳಿಯೋಗರೆಗೆ ಬರೋಣ. ಈ ಪದದ ಎರಡನೆಯ ಭಾಗ ‘ಓಗರ’. ಓಗರವೆಂದರೆ ಅನ್ನ, ಊಟ. ಹಳೆಯ ಕಾವ್ಯಗಳನ್ನು ಓದಿದವರಿಗೆ ಇದು ಪರಿಚಿತ ಪದ. ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಗೆ ‘ಕಟ್ಟೋಗರ’ ಎಂಬ ಹೆಸರಿತ್ತು; ಅನ್ನದ ಮೇಲೆ ಬಡಿಸಿಕೊಳ್ಳುವ ವ್ಯಂಜನಕ್ಕೆ ‘ಮೇಲೋಗರ’ ಎಂಬ ಹೆಸರು ಮಲೆನಾಡು, ಕರಾವಳಿಗಳಲ್ಲಿ ಈಗಲೂ ಇದೆ. ‘ಪುಳಿ’ಗೆ ‘ಓಗರ’ ಸೇರಿದಾಗ ನಡುವೆ ಯಕಾರಾಗಮವಾಗಿ ‘ಪುಳಿಯೋಗರ’, ‘ಪುಳಿಯೋಗರೆ’ ಆಗಿದೆ. ತಮಿಳರು ಇದೇ ಭಕ್ಷ್ಯಕ್ಕೆ ‘ಪುಳಿಯೋದರೈ’ ಎನ್ನುತ್ತಾರೆ. ನಾವು ತಮಿಳಿನ ಪದವನ್ನು ಇಡಿಯಾಗಿ ತೆಗೆದುಕೊಂಡಿದ್ದರೆ ‘ಓದರೆ’ ಎಂದಾಗಬೇಕಿತ್ತು. ಪೂರ್ತಿಯಾಗಿ ನಮ್ಮ ಆಡುಮಾತಿನ ದಾರಿಯಲ್ಲೇ ಬೆಳೆದಿದ್ದರೆ ‘ಹುಳಿಯೋಗರೆ’ ಎಂದಾಗಬೇಕಿತ್ತು. ಕೆಲವು ಮನೆಗಳಲ್ಲಿ ‘ಹುಳಿಯೋಗರೆ’ ಎಂದೇ ಹೇಳುತ್ತಾರೆ, ‘ಹುಳಿಯನ್ನ’ ಎನ್ನುವವರೂ ಇದ್ದಾರೆ. ಆದರೂ ‘ಪುಳಿಯೋಗರೆ’ ಎಂಬ ರೂಪವೇ ಮೇಲುಗೈ ಪಡೆದುದಕ್ಕೆ ಕಾರಣ, ನನ್ನ ಅಭಿಪ್ರಾಯದಲ್ಲಿ, ಮೇಲುಕೋಟೆಯಂತಹ ಶ್ರೀವೈಷ್ಣವ ಕ್ಷೇತ್ರಗಳ ನೈವೇದ್ಯದ ಪಾಕಶಾಲೆ. ಚೆಲುವನಾರಾಯಣನ ಆ ಸನ್ನಿಧಿಯಲ್ಲಿ ದಿವ್ಯಪ್ರಬಂಧದ ತಮಿಳು ಪಾರಾಯಣವೂ ಸುತ್ತಲಿನ ಕನ್ನಡವೂ ತಲೆಮಾರುಗಳಿಂದ ಜೊತೆಜೊತೆಯಾಗಿ ಸಾಗಿವೆ. ಮಂಡ್ಯದ ಅಯ್ಯಂಗಾರರ ಮನೆಮಾತಿನಲ್ಲಿ ‘ಪುಳಿ’ಯ ಪಕಾರ ಎಂದೂ ಅಳಿಯಲಿಲ್ಲ. ಕನ್ನಡದವರು ಬೀದಿಯಲ್ಲಿ ‘ಹುಳಿ’ ಎನ್ನತೊಡಗಿದ ಮೇಲೂ ದೇವಸ್ಥಾನದ ಪ್ರಸಾದದ ಹೆಸರು ಹಳೆಯ ರೂಪದಲ್ಲೇ ನಿಂತಿತು, ಅದರ ಬಾಲ ಮಾತ್ರ ಅಚ್ಚ ಕನ್ನಡದ ಓಗರವಾಗಿ ಉಳಿಯಿತು. ಹೀಗಾಗಿ ನಿಮ್ಮ ಮನೆಯ ಚರ್ಚೆಯಲ್ಲಿ ‘ತಮಿಳು’ ಎಂದವರ ಮಾತಿನಲ್ಲೂ ಒಂದಂಶ ಸತ್ಯವಿದೆ: ಪದ ತಮಿಳಿನದಲ್ಲದಿದ್ದರೂ ಅದರ ಪಕಾರವನ್ನು ಕಾಪಾಡಿದ್ದು ತಮಿಳಿನ ನೆರೆ. ನಮ್ಮ ಸುತ್ತ ಹೀಗೆ ನೆರೆಭಾಷೆಗಳ ಮೂಲಕ ಪಕಾರ ಉಳಿಸಿಕೊಂಡು ಬಂದ ಪದಗಳು ಇನ್ನೂ ಇವೆ. ಕೊಡಗಿನ ‘ಕಾಚಂಪುಳಿ’, ಕರಾವಳಿಯ ‘ಪುನರ್ಪುಳಿ’, ತುಳುನಾಡಿನ ‘ಪುಳಿಮುಂಚಿ’ ಇವೆಲ್ಲದರಲ್ಲೂ ಇರುವುದು ನಮ್ಮ ಹುಳಿಯೇ.

‘ಆಮ್ಲ’ದ ವಂಶ ಬೇರೆ. ಸಂಸ್ಕೃತದ ಷಡ್ರಸಗಳಲ್ಲಿ ಮಧುರದ ನಂತರ ಹೆಸರಿಸುವ ಅಮ್ಲವು ಪ್ರಾಕೃತ, ಪಾಳಿಗಳಲ್ಲಿ ‘ಅಂಬಿಲ’ವಾಯಿತು. ಮಕಾರದ ಪಕ್ಕದಲ್ಲಿ ರಕಾರವೋ ಲಕಾರವೋ ಬಂದಾಗ ನಡುವೆ ಬಕಾರವೊಂದು ತಾನಾಗಿ ನುಸುಳುವುದು ಆ ಭಾಷೆಗಳ ರೂಢಿ; ‘ಆಮ್ರ’ವು ‘ಅಂಬ’ವಾದದ್ದೂ ‘ತಾಮ್ರ’ವು ‘ತಂಬ’ವಾದದ್ದೂ ಹೀಗೆಯೇ. ಮರಾಠಿ, ಕೊಂಕಣಿಗಳಲ್ಲಿ ಹುಳಿಗೆ ಹೇಳುವ ‘ಆಂಬಟ್’, ಹಿಂದಿಯಲ್ಲಿ ಹುಣಸೆಗೆ ಹೇಳುವ ‘ಇಮ್ಲಿ’ ಈ ಕುಟುಂಬಕ್ಕೆ ಸೇರಿದವು. ನಮ್ಮ ಅಂಬಟೆಕಾಯಿಯನ್ನು ಇದರೊಂದಿಗೆ ಸೇರಿಸಲಾಗದು. ಅದು ಸಂಸ್ಕೃತದ ‘ಆಮ್ರಾತಕ’ದಿಂದ ಬಂದದ್ದು. ಅಂಬಲಿಯ ವಿಷಯದಲ್ಲಿ ‘ಅಂಬಿಲ’ದೊಂದಿಗಿನ ಹೋಲಿಕೆ ಆಕರ್ಷಕವಾಗಿ ಕಾಣುತ್ತದೆ, ರಾಗಿಯ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯುವ ನಮ್ಮ ಕಡೆಯವರಿಗೆ ಅದು ಸಹಜವಾಗಿಯೂ ತೋರುತ್ತದೆ. ಆದರೆ ಅಂಬಲಿಯೆಂದರೆ ಕನ್ನಡ, ತೆಲುಗುಗಳೆರಡರಲ್ಲೂ ಮೊದಲಿಗೆ ನೀರಾಗಿ ಬೇಯಿಸಿದ ಹಿಟ್ಟಿನ ಗಂಜಿ. ಹುಳಿ ಬೆರೆಸದಿದ್ದರೂ ಅದು ಅಂಬಲಿಯೇ. ಧ್ವನಿಯ ಹೋಲಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಆಮ್ಲದ ತದ್ಭವವೆಂದು ತೀರ್ಮಾನಿಸಲು ನಾನು ಸಿದ್ಧನಿಲ್ಲ.

ಪ್ರಶ್ನೆ: ‘ಹುಣಸೆ’ಯೂ ‘ಹುಳಿ’ಯೂ ಒಂದೇ ಮೂಲದ ಪದಗಳೇ? ಮೈಸೂರಿನಲ್ಲಿ ಸಾಂಬಾರಿಗೆ ‘ಹುಳಿ’ ಎನ್ನುವುದು ಏಕೆ? ಮಜ್ಜಿಗೆ ಹುಳಿಯಲ್ಲಿ ಹುಣಸೆಹಣ್ಣೇ ಇರುವುದಿಲ್ಲವಲ್ಲ!
– ಗೃಹಿಣಿಯೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಹೌದು, ಒಂದೇ ಮೂಲದವು. ಹುಣಸೆಯ ಹಳೆಯ ರೂಪ ‘ಪುಣಿಸೆ’. ‘ಪುಳಿ’ಯ ಳಕಾರ ಇಲ್ಲಿ ಣಕಾರವಾಗಿದೆ. ಇಂತಹ ಮಾರ್ಪಾಟು ಕನ್ನಡಕ್ಕೆ ಹೊಸದಲ್ಲ: ‘ಕೊಳ್’ ಎಂಬ ಧಾತುವಿನಿಂದ ‘ಕೊಂಡ’, ‘ಉಳ್’ ಎಂಬುದರಿಂದ ‘ಉಂಟು’ ಆಗುವುದನ್ನು ದಿನವೂ ಆಡುತ್ತೇವೆ. ತಮಿಳು, ತುಳುಗಳಲ್ಲಿ ರುಚಿಗೂ ಮರಕ್ಕೂ ‘ಪುಳಿ’ ಎಂಬ ಒಂದೇ ಹೆಸರಿದೆ. ಅದರಿಂದ ಆಗಬಹುದಾದ ಗೊಂದಲ ಹಳಬರಿಗೂ ತಿಳಿದಿತ್ತೆಂದು ಕಾಣುತ್ತದೆ. ತಮಿಳಿನ ಅತಿ ಹಳೆಯ ವ್ಯಾಕರಣವಾದ ತೊಲ್ಕಾಪ್ಪಿಯಂ, ಮರದ ಹೆಸರಾದ ‘ಪುಳಿ’ಗೆ ಮುಂದಿನ ಪದ ಸೇರುವಾಗ ಒಂದು ಸಂಧಿ ನಿಯಮವನ್ನೂ, ರುಚಿಯ ಹೆಸರಾದ ‘ಪುಳಿ’ಗೆ ಇನ್ನೊಂದು ನಿಯಮವನ್ನೂ ಹೇಳುತ್ತದೆ. ಕನ್ನಡವು ಸಂಧಿಯ ಆಸರೆ ಬೇಡದೆ ಎರಡು ಪದಗಳನ್ನೇ ಮಾಡಿಕೊಂಡಿತು. ‘ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ’ ಎಂಬ ನಮ್ಮ ಗಾದೆ ಈ ಎರಡು ಪದಗಳಿಂದಲೇ ನಿಂತಿದೆ; ಮರ ಮತ್ತು ರುಚಿಗೆ ಒಂದೇ ಹೆಸರಿರುವ ಭಾಷೆಯಲ್ಲಿ ಇದೇ ಮಾತಿಗೆ ಇಷ್ಟು ಬಿಗಿ ಬರುತ್ತಿರಲಿಲ್ಲ. ತೆಲುಗರು ಮರಕ್ಕೆ ‘ಚಿಂತ’ ಎಂಬ ಪೂರ್ತಿ ಬೇರೆಯ ಹೆಸರನ್ನೇ ಬಳಸುತ್ತಾರೆ.

ರುಚಿಯ ಹೆಸರು ಮೊದಲಿನದು, ಮರದ ಹೆಸರು ಆಮೇಲಿನದು ಎಂದು ಭಾವಿಸಲು ಸಸ್ಯಶಾಸ್ತ್ರದ ಬೆಂಬಲವೂ ಇದೆ. ಹುಣಸೆಯ ಮೂಲನೆಲೆ ಉಷ್ಣವಲಯದ ಆಫ್ರಿಕ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಬಹಳ ಹಿಂದೆಯೇ ನಮ್ಮ ನೆಲಕ್ಕೆ ಬಂದು ಎಷ್ಟು ಒಗ್ಗಿಕೊಂಡಿತೆಂದರೆ ಅರಬರು ಅದನ್ನು ‘ತಮ್ರ್ ಹಿಂದಿ’, ಅಂದರೆ ಹಿಂದೂಸ್ಥಾನದ ಖರ್ಜೂರ ಎಂದು ಕರೆದರು. ಯುರೋಪಿನವರ ‘ಟ್ಯಾಮರಿಂಡ್’ ಅದರಿಂದಲೇ ಬಂದಿತು. ಹುಳಿ ಎಂಬ ರುಚಿಗೆ ಮೊದಲೇ ಪದವಿದ್ದ ಜನ, ಆ ರುಚಿಯನ್ನು ವರ್ಷವಿಡೀ ಕೊಡಬಲ್ಲ ಮರಕ್ಕೆ ಅದೇ ಬೇರಿನಿಂದ ಹೆಸರಿಟ್ಟರು. ನಿಮ್ಮ ಜಿಲ್ಲೆಯ ಹುಣಸೂರಿನ ಹೆಸರನ್ನೂ ಸಾಮಾನ್ಯವಾಗಿ ಈ ಮರದಿಂದಲೇ ವಿವರಿಸಲಾಗುತ್ತದೆ.

ಇನ್ನು ಅಡುಗೆಯ ಹೆಸರು. ‘ಹುಳಿ’ ಎಂಬ ನಾಮಪದವು ಮೊದಲು ರುಚಿಯನ್ನು, ಆಮೇಲೆ ಆ ರುಚಿ ಕೊಡುವ ಪದಾರ್ಥವನ್ನು, ಕೊನೆಗೆ ಆ ಪದಾರ್ಥ ಹಾಕಿ ಮಾಡಿದ ವ್ಯಂಜನವನ್ನು ಸೂಚಿಸಿತು. ನಡುವಿನ ಅರ್ಥಕ್ಕೆ ಒಳ್ಳೆಯ ಉದಾಹರಣೆ ‘ಕಡಲೆ ಹುಳಿ’. ಕಡಲೆ ಗಿಡದ ಎಲೆ, ಕಾಯಿಗಳ ಮೇಲಿನ ನವಿರು ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಹಿಂದೆ ರೈತರು ರಾತ್ರಿಯ ಹೊತ್ತು ಕಡಲೆ ಹೊಲದ ಮೇಲೆ ತೆಳುವಾದ ಬಟ್ಟೆ ಹರಡಿ, ಇಬ್ಬನಿಯೊಂದಿಗೆ ಅದರಲ್ಲಿ ಇಂಗಿದ ಹುಳಿಯನ್ನು ಬೆಳಗಿನ ಜಾವ ಹಿಂಡಿ ಶೀಸೆಗಳಲ್ಲಿ ತುಂಬಿಡುತ್ತಿದ್ದರು. ಅಜೀರ್ಣಕ್ಕೂ ಹೊಟ್ಟೆನೋವಿಗೂ ಅದು ಮನೆಮದ್ದಾಗಿತ್ತು. ಶಾಲೆಯ ಪುಸ್ತಕಗಳು ‘ಆಮ್ಲ’ ಎನ್ನುವುದನ್ನು ಒಕ್ಕಲುಮಕ್ಕಳು ಬಹಳ ಹಿಂದೆಯೇ ‘ಹುಳಿ’ ಎಂದಿದ್ದರು. ವಿಜ್ಞಾನದ ಪರಿಭಾಷೆ ರಚಿಸಿದವರು ಈ ಬಳಕೆಯನ್ನು ಇನ್ನಷ್ಟು ಗಮನಿಸಬಹುದಿತ್ತು ಎಂಬ ಕೊರಗು ನನಗಿದೆ. ‘ಆಮ್ಲಜನಕ’ ಎಂಬ ಪದವನ್ನೇ ನೋಡಿ: ಎಲ್ಲ ಆಮ್ಲಗಳೂ ಆ ಅನಿಲದಿಂದಲೇ ಹುಟ್ಟುತ್ತವೆಂದು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲಾವಾಸಿಯೆ ನಂಬಿ ಇಟ್ಟ ಹೆಸರಿನ ಅನುವಾದ ಅದು; ಆ ನಂಬಿಕೆ ಬಿದ್ದುಹೋದ ಮೇಲೂ ಹೆಸರು ಉಳಿದಿದೆ.

ಬೇಳೆ, ತರಕಾರಿಗಳನ್ನು ಬೇಯಿಸಿ ಹುಣಸೆ ರಸ ಹಾಕಿ ಕುದಿಸಿದ ಗಟ್ಟಿ ವ್ಯಂಜನವನ್ನು ಮೈಸೂರಿನ ಮನೆಗಳಲ್ಲಿ ‘ಹುಳಿ’ ಎಂದೂ ತೆಳ್ಳಗಿನದನ್ನು ‘ಸಾರು’ ಎಂದೂ ಕರೆಯುವುದು ರೂಢಿ. ಅದಕ್ಕೆ ಬೇಕಾದ ಪುಡಿ ‘ಹುಳಿಪುಡಿ’. ಮಂಡ್ಯದ ಹಳ್ಳಿಗಳಲ್ಲಿ ಬಸ್ಸಾರು, ಉಪ್ಪೆಸರು, ಸೊಪ್ಪಿನ ಸಾರು ಎಂದು ಸಾರಿನ ಹೆಸರುಗಳೇ ಹೆಚ್ಚು. ಮಜ್ಜಿಗೆ ಹುಳಿಯಲ್ಲಿ ಹುಣಸೆಯಿಲ್ಲದಿದ್ದರೂ ಹುಳಿಯಿದೆ, ಅದನ್ನು ಕೊಡುವುದು ಮಜ್ಜಿಗೆ. ಹೆಸರು ರುಚಿಯದೇ ಹೊರತು ಹಣ್ಣಿನದಲ್ಲ. ತೆಲುಗಿನ ‘ಪುಲುಸು’, ತಮಿಳಿನ ‘ಪುಳಿಕ್ಕುೞಂಬು’, ಮಲೆಯಾಳಂನ ‘ಪುಳಿಶ್ಶೇರಿ’ ಇವೆಲ್ಲ ರುಚಿಯ ಹೆಸರೇ ವ್ಯಂಜನದ ಹೆಸರಾದದ್ದಕ್ಕೆ ಸಾಕ್ಷಿ. ‘ಸಾಂಬಾರು’ ಎಂಬುದು ‘ಸಂಭಾರ’ದಿಂದ ಬಂದದ್ದು, ಮಸಾಲೆಗೆ ನಾವು ಇಂದಿಗೂ ‘ಸಾಂಬಾರ ಪದಾರ್ಥ’ ಎನ್ನುತ್ತೇವೆ. ಹೋಟೆಲುಗಳ ಮೂಲಕ ಆ ಹೆಸರು ಮನೆಯೊಳಕ್ಕೂ ಬಂದು ‘ಹುಳಿ’ ಎಂಬ ಹೆಸರನ್ನು ಹಿಂದೆ ಸರಿಸುತ್ತಿದೆ. ನಿಮ್ಮ ಮನೆಯಲ್ಲಿ ಅದು ಇನ್ನೂ ಬಳಕೆಯಲ್ಲಿದ್ದರೆ ದಯವಿಟ್ಟು ಬಿಡಬೇಡಿ. ಮಕ್ಕಳ ಮುಂದೆಯೂ ‘ಹುರುಳಿಕಾಯಿ ಹುಳಿ’, ‘ನುಗ್ಗೆಕಾಯಿ ಹುಳಿ’ ಎಂದೇ ಹೇಳಿ.

ಪ್ರಶ್ನೆ: ‘ಸಂಸಾರಕ್ಕೆ ಹುಳಿ ಹಿಂಡಿದರು’ ಎನ್ನುವಲ್ಲಿ ಹುಳಿ ಕೆಟ್ಟದ್ದೇಕಾಯಿತು? ‘ಹುಳಿ’ಗೆ ಕ್ರಿಯಾಪದವಾಗಿಯೂ ಬಳಕೆಯಿದೆಯೇ?
– ವಿದ್ಯಾರ್ಥಿಯೊಬ್ಬರು, ಮದ್ದೂರು

ಉತ್ತರ: ಅಲ್ಲಿ ಹೇಳದೆ ಉಳಿದಿರುವ ಪದ ‘ಹಾಲು’. ಕಾದ ಹಾಲಿಗೆ ನಿಂಬೆಯ ಹುಳಿ ಹಿಂಡಿದರೆ ಅದು ಒಡೆದು ನೀರೂ ಗಿಣ್ಣೂ ಬೇರೆಯಾಗುತ್ತವೆ. ಕೂಡಿ ಇದ್ದವರನ್ನು ಒಡೆಯುವುದಕ್ಕೆ ಆ ಮಾತು ಬಂದದ್ದು ಹೀಗೆ. ಹುಳಿಯೇ ಕೆಟ್ಟದ್ದೆಂಬ ಭಾವ ಅದರಲ್ಲಿಲ್ಲ. ಕ್ರಿಯಾಪದವಾಗಿ ‘ಪುಳಿ’ ಹಳಗನ್ನಡದಲ್ಲಿಯೇ ಇತ್ತು; ಹುಳಿಯಾಗು ಎಂಬುದೇ ಅದರ ಅರ್ಥ. ‘ಹಿಟ್ಟು ಹುಳಿತಿದೆ’, ‘ಹುಳಿತ ಮಜ್ಜಿಗೆ’ ಎನ್ನುವಾಗ ನಾವು ಆಡುತ್ತಿರುವುದು ಆ ಕ್ರಿಯಾಪದವನ್ನೇ. ‘ಹುಳಿಸು’ ಅದರ ಪ್ರೇರಣಾರ್ಥಕ ರೂಪ. ‘ಹುಳಿ ಬಂತು’, ‘ಹುಳಿಯಾಯಿತು’ ಎಂಬ ಬಳಸು ಮಾತುಗಳು ಈಗ ಹೆಚ್ಚಾಗಿದ್ದರೂ ದೋಸೆಯ ಹಿಟ್ಟು ರುಬ್ಬಿಡುವ ಮನೆಗಳಲ್ಲಿ ‘ಚೆನ್ನಾಗಿ ಹುಳಿಯಲಿ’ ಎಂಬ ಹಳೆಯ ಪ್ರಯೋಗ ಇನ್ನೂ ಕೇಳಿಸುತ್ತದೆ. ಪರೀಕ್ಷೆಯಲ್ಲಿ ‘ಹುಳಿ’ಯನ್ನು ನಾಮಪದವೆಂದು ಮಾತ್ರ ಬರೆದರೆ ಉತ್ತರ ಅರ್ಧವಾಗುತ್ತದೆ; ಅದು ನಾಮಪದವೂ ಧಾತುವೂ ಹೌದೆಂದು ಬರೆಯಿರಿ.